ಕಪ್ಪಾಗುವ ಸೀಸೆ

ಬೇಳೆ ಬೇಯದ ನೀರು ಗಡುಸು ಎಂಬುದು ನಮ್ಮ ಅಡುಗೆಮನೆಗಳ ಹಳೆಯ ಜ್ಞಾನ. ರಸಾಯನಶಾಸ್ತ್ರವೂ ಅದನ್ನು ಒಪ್ಪುತ್ತದೆ. ಆದರೆ ವಾಂತಿಭೇದಿಯನ್ನು ತರುವ ಅಣುಜೀವಿಗಳ ವಿಷಯದಲ್ಲಿ ಕಣ್ಣೂ ನಾಲಗೆಯೂ ಸೋಲುತ್ತವೆ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಅವು ಇರಬಹುದು. ದೂರದ ಪ್ರಯೋಗಶಾಲೆಗೆ ಕಳುಹಿಸಿದ ನೀರಿನ ಫಲಿತಾಂಶ ಬರುವವರೆಗೆ ಊರಿನವರು ಅದೇ ನೀರನ್ನು ಕುಡಿಯುತ್ತಿರಬೇಕಾದೀತು. ಅವರೇ ಪರೀಕ್ಷಿಸಿಕೊಂಡರೆ ಆಗದೆ?

ಆಗುತ್ತದೆಂದು ತೋರಿಸಿದವರು ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು. 1982ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ವಿವರಿಸಿದ ಸಾಧನವೆಂದರೆ ಒಂದು ಪುಟ್ಟ ಸೀಸೆ. ಅದರೊಳಗೆ ಪೋಷಕದ್ರವದಲ್ಲಿ ನೆನೆಸಿ ಒಣಗಿಸಿದ ಕಾಗದದ ತುಂಡು. ಇದಕ್ಕೆ ನೀರನ್ನು ತುಂಬಿ ಬೆಚ್ಚಗಿರುವ ಕಡೆ ಇಡಬೇಕು. ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ಕಾಗದದಲ್ಲಿರುವ ಗಂಧಕದ ಸಂಯುಕ್ತದಿಂದ ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಅನಿಲವೇ ಇದು. ಅದು ಅಲ್ಲಿಯೇ ಇರುವ ಕಬ್ಬಿಣದೊಡನೆ ಕೂಡಿ ಕಪ್ಪುಬಣ್ಣದ ಸಲ್ಫೈಡ್ ಆಗುತ್ತದೆ. ಒಂದೆರಡು ದಿನಗಳಲ್ಲಿ ಸೀಸೆ ಕಪ್ಪಾದರೆ ನೀರಿಗೆ ಮಲದ ಸೋಂಕು ತಗುಲಿದೆಯೆಂದು ಸಂಶಯಪಡಬೇಕು.

ಸಂಶಯ ಎಂದೆವು, ತೀರ್ಪು ಎನ್ನಲಿಲ್ಲ. ಕೆಲವು ಅಂತರ್ಜಲಗಳಲ್ಲಿ ಸ್ವಾಭಾವಿಕವಾಗಿರುವ ಸಲ್ಫೈಡೂ ಸೀಸೆಯನ್ನು ಕಪ್ಪಾಗಿಸಬಲ್ಲದು. ತೊಳೆಯದ ಬೆರಳು ಮುಚ್ಚಳದ ಒಳಬದಿಗೆ ತಾಗಿದರಂತೂ ಒಳ್ಳೆಯ ಬಾವಿಗೂ ಅಪವಾದ ಬಂದೀತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ಪ್ರತಿ ಹಳ್ಳಿಯಲ್ಲಿಯೂ ಐದು ಮಂದಿ ಮಹಿಳೆಯರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಯೋಜನೆಯನ್ನು ಹಾಕಿಕೊಂಡಿತು. ಇಂಥ ಕಲಿಕೆಯ ಬಹುಭಾಗ ರಸಾಯನಶಾಸ್ತ್ರವಲ್ಲ, ಶಿಸ್ತು: ಕೈ ತೊಳೆದುಕೊಳ್ಳುವುದು, ನಲ್ಲಿಯನ್ನು ಕೆಲಹೊತ್ತು ಹರಿಯಬಿಟ್ಟು ನೀರು ಹಿಡಿಯುವುದು, ಸೀಸೆಯ ಮೇಲೆ ಸ್ಥಳವನ್ನೂ ದಿನಾಂಕವನ್ನೂ ಬರೆಯುವುದು, ಕಪ್ಪಾದದ್ದನ್ನು ಮುಚ್ಚಿಡದೆ ತಿಳಿಸಿ ಮರುಪರೀಕ್ಷೆಗೆ ಕಳುಹಿಸುವುದು. ತಮ್ಮ ಮನೆಯ ಬಾವಿಯ ನೀರೇ ಕಪ್ಪಾದಾಗ ಈ ಕೊನೆಯ ಕೆಲಸ ಸುಲಭವಲ್ಲ.

ಕೋಲಾರ, ಪಾವಗಡಗಳ ಕಡೆ ಕೊಳವೆಬಾವಿಗಳಲ್ಲಿ ಇನ್ನೊಂದು ಶತ್ರುವುಂಟು: ಫ್ಲೋರೈಡ್. ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಇದು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಸೀಸೆ ಇದನ್ನು ಕಾಣದು. ಇದಕ್ಕೆ ಬೇರೆಯೇ ಬಣ್ಣದ ಪರೀಕ್ಷೆ ಬೇಕು. ಕುದಿಸಿದರೆ ಬ್ಯಾಕ್ಟೀರಿಯಗಳು ಸಾಯುತ್ತವೆ. ಫ್ಲೋರೈಡಾದರೋ ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಆದುದರಿಂದ ಪರೀಕ್ಷಿಸಿದವರು ಒಂದು ಮನೆಯಲ್ಲಿ ‘ಕುದಿಸಿ ಕುಡಿಯಿರಿ’ ಎಂದೂ ಇನ್ನೊಂದರಲ್ಲಿ ‘ಕುಡಿಯಲು ಬೇರೆ ನೀರು ತನ್ನಿ’ ಎಂದೂ ಹೇಳಬೇಕಾಗುತ್ತದೆ.