ಬೀಜದ ಪಾಳಿ ಯಾಕೆ ಕರಗೋದಿಲ್ಲ?

ಮಿರಗದ ಮಳೆ ಆದ ಮರುದಿನ ಪುರ್ತಗೇರಿ ಕಡೆಯ ಒಣಬೇಸಾಯದವರೆಲ್ಲ ಒಂದೇ ಹೊತ್ತಿಗೆ ಬೀಜ-ಗೊಬ್ಬರಕ್ಕೆ ಹೊರಡುತ್ತೇವೆ. ಹದ ಇರೋದು ಎರಡು-ಮೂರು ದಿನ. ಅದರಾಗ ಒಂದು ದಿನ ಪಾಳಿಯಲ್ಲೇ ಹೋದರೆ ಹೆಸರು ಬಿತ್ತೋದು ತಡ. ಹೆಸರು ತಡವಾದರೆ ಅದೇ ಹೊಲದ ಹಿಂಗಾರಿ ಕಡಲೆ, ಜೋಳಾನೂ ತಡ. ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರ ಜೀವ ಹೋಯಿತು. ಅಲ್ಲಿ ಮಾಲೇ ಸಾಲದಾಗಿತ್ತು. ಮಾಲಿಲ್ಲದ ಪಾಳಿಗೆ ಚೀಟಿ, ನಂಬರು ಯಾವುದೂ ಮದ್ದಲ್ಲ. ನಾನು ಹೇಳೋದು ಗೋಡೌನಿನಲ್ಲಿ ಮಾಲಿದ್ದೂ ಬೆಳೆಯುವ ಪಾಳಿಯ ಮಾತು.

ಲೆಕ್ಕ ಹಾಕಿ ನೋಡ್ರಿ. ರೈತ ಸಂಪರ್ಕ ಕೇಂದ್ರದಲ್ಲಿ ಒಬ್ಬರಿಗೆ 6 ನಿಮಿಷ ಹಿಡಿದರೆ ತಾಸಿಗೆ 10 ಮಂದಿ. 80 ಮಂದಿ ನಿಂತರೆ ಕಡೆಯವನ ಕೆಲಸ ಮುಗಿಯಲು 8 ತಾಸು. ಚೀಲ ಎತ್ತಿಕೊಡೋದಕ್ಕೆ ಎಷ್ಟು ಹೊತ್ತು? ಹೊತ್ತು ತಿನ್ನೋದು ಪಹಣಿ, ಆಧಾರ್ ನೋಡೋದು, ಫ್ರೂಟ್ಸ್ ನಂಬರ್ ಹುಡುಕೋದು, ಚಿಲ್ಲರೆಗೆ ತಡಕಾಡೋದು. ಗೊಬ್ಬರದ ಅಂಗಡಿಯಲ್ಲಂತೂ ಹೆಬ್ಬೆಟ್ಟಿನ ಮಷೀನು ಬೇರೆ. ದುಡಿದು ಸವೆದ ಬೆರಳು ಅದಕ್ಕೆ ಲಗೂನ ತಿಳಿಯೋದಿಲ್ಲ. ಕಾಗದ ನೋಡುವವರೊಬ್ಬರು ಪಾಳಿಯ ಹತ್ತಿರವೇ ಬಂದು ಮೊದಲೇ ನೋಡಿಟ್ಟು, 6 ನಿಮಿಷ 4ಕ್ಕೆ ಇಳಿದರೆ ಅದೇ 80 ಮಂದಿ 5 ತಾಸು 20 ನಿಮಿಷದಲ್ಲಿ ಮನೆಗೆ.

ಇನ್ನೊಂದು ಸೂಕ್ಷ್ಮ ಐತಿ. ಡೆನ್ಮಾರ್ಕಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತದವ 1909ರಲ್ಲೇ ಈ ಪಾಳಿಯ ಲೆಕ್ಕ ಶುರುಮಾಡಿದ. ತಾಸಿಗೆ 10 ಮಂದಿಗೆ ಕೊಡುವ ಕಡೆ 8ರ ಬದಲು 9 ಮಂದಿ ಬಂದರೆ ಕಾಯೋ ಹೊತ್ತು ಸ್ವಲ್ಪ ಹೆಚ್ಚೋದಲ್ಲ, ಸರಾಸರಿ ಎರಡು ಪಟ್ಟು ದಾಟತೈತಿ. ಯಾಕಂದರೆ ಮಂದಿ ಅಳತೆ ಮಾಡಿದಂಗೆ ಬರೋದಿಲ್ಲ. ಒಮ್ಮೆ ಯಾರೂ ಇಲ್ಲ, ಒಮ್ಮೆ ಟ್ರ್ಯಾಕ್ಟರ್ ತುಂಬ. ಕಿಟಕಿ ಖಾಲಿ ಇದ್ದ ಹೊತ್ತನ್ನು ಕೂಡಿಡಲು ಬರುವುದಿಲ್ಲ.

ಎರಡು ಕಿಟಕಿ ಇದ್ದರೂ ಪಾಳಿ ಒಂದೇ ಇರಲಿ. ಯಾವ ಕಿಟಕಿ ಖಾಲಿಯೋ ಮುಂದಿನವ ಅಲ್ಲಿಗೆ ಹೋಗಲಿ. ಆಗ ಒಬ್ಬನ ಕಾಗದ ಕೆಟ್ಟರೆ ಅವನ ಹಿಂದಿನವರೆಲ್ಲ ಸಿಕ್ಕಿಬೀಳೋದಿಲ್ಲ.

ಹಿಟ್ಟಿನ ಗಿರಣಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಪಾಳಿಗಿಟ್ಟು ಮನೆಗೆಲಸಕ್ಕೆ ಹೋಗುತ್ತಾರಲ್ಲ, ಚೀಟಿ ಅಂದರೂ ಅಷ್ಟೇ. ಆದರೆ ಚೀಟಿಯ ಮೇಲೆ ನಂಬರಿನ ಜೋಡಿ ಸುಮಾರು ವೇಳೆಯನ್ನೂ ಬರೆಯಬೇಕು, ಇಲ್ಲದಿದ್ದರೆ ಯಾರೂ ಜಾಗ ಬಿಟ್ಟು ಕದಲೋದಿಲ್ಲ. ಊರಿಗೊಂದು ದಿನ ಅಂತ ಗೊತ್ತುಮಾಡುವ ಪದ್ಧತಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಸೋಮವಾರ ನಮ್ಮ ಪಾಳಿ ಅಂತ ಮಳೆಗೆ ಯಾರು ಹೇಳಬೇಕು?