ಹಾವಿನ ವಿಷದ ಕತ್ತರಿ: ಕಚ್ಚಿದ ಮೇಲೆ ಹೊತ್ತು ಕಳೆಯಬೇಡಿ

ಮಳೆ ಹಿಡಿಯುತ್ತಿದ್ದಂತೆ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಅರಿಶಿನ, ಬಾಳೆ, ಚೆಂಡುಹೂವಿನ ಹೊಲಗಳಲ್ಲಿ ಕೆಲಸ ಬಿರುಸಾಗುತ್ತದೆ. ಹಾವುಗಳ ಓಡಾಟವೂ ಆಗಲೇ ಹೆಚ್ಚು. ಹಾವು ಕಚ್ಚಿದರೆ ಕೆಲವು ಮನೆಗಳಲ್ಲಿ ಮೊದಲು ನೆನಪಾಗುವುದು ನಾಟಿ ಔಷಧಿ ಅಥವಾ ದಮ್ ಮಾಡುವವರು, ಆಸ್ಪತ್ರೆ ಆಮೇಲೆ. ಈ ‘ಆಮೇಲೆ’ ಎಷ್ಟು ಅಪಾಯಕಾರಿ ಎಂದು ತಿಳಿಯಲು ಒಂದು ಕಿಣ್ವದ ಪರಿಚಯ ಬೇಕು.

ಪೊರೆ ಮತ್ತು ಕತ್ತರಿ

ನಮ್ಮ ದೇಹದ ಪ್ರತಿ ಜೀವಕೋಶಕ್ಕೂ ತೆಳುವಾದ ಪೊರೆಯಿದೆ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಕಣಗಳು ಎರಡು ಪದರಗಳಾಗಿ ಜೋಡಿಸಿಕೊಂಡು ಈ ಪೊರೆಯಾಗಿವೆ. ಪ್ರತಿ ಕಣಕ್ಕೂ ಒಂದು ತಲೆ, ಎರಡು ಬಾಲ. ಈ ಕಣಗಳನ್ನು ಕತ್ತರಿಸುವ ಕಿಣ್ವಗಳಿಗೆ ಫಾಸ್ಫೋಲಿಪೇಸ್ ಎಂದು ಹೆಸರು. ಅವುಗಳಲ್ಲಿ ‘ಎ2’ ಎಂಬುದು ಎರಡು ಬಾಲಗಳಲ್ಲಿ ಒಂದನ್ನು ಕತ್ತರಿಸುತ್ತದೆ.

ಇದು ನಮಗೆ ಶತ್ರುವಲ್ಲ. ಮೊಟ್ಟೆ, ಮಾಂಸದಲ್ಲಿರುವ ಫಾಸ್ಫೋಲಿಪಿಡ್ ಜೀರ್ಣವಾಗುವುದು ಮೇದೋಜೀರಕ ಗ್ರಂಥಿ ಸ್ರವಿಸುವ ಈ ಕಿಣ್ವದಿಂದ. ಪೊರೆಯ ದುರಸ್ತಿಗೂ ಇದು ಬೇಕು. ಗಾಯವಾದಾಗ ನೋವು, ಊತ ಉಂಟುಮಾಡಿ ದೇಹವನ್ನು ಎಚ್ಚರಿಸುವ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದು ಹೀಗೆ ಕತ್ತರಿಸಿದ ಬಾಲದಿಂದಲೇ. ಆರೋಗ್ಯವಂತ ದೇಹ ಈ ಕತ್ತರಿಯನ್ನು ಬೇಕಾದಾಗ, ಬೇಕಾದಷ್ಟೇ ಬಳಸುತ್ತದೆ. ಪ್ರತಿಯೊಂದಕ್ಕೂ ಅಳತೆಯಿಟ್ಟ ಅಲ್ಲಾಹನ ವ್ಯವಸ್ಥೆಯಿದು.

ಹತೋಟಿ ತಪ್ಪಿದಾಗ

ನಾಗರಹಾವು, ಕಟ್ಟುಹಾವು, ಕೊಳಕುಮಂಡಲಗಳ ವಿಷದಲ್ಲೂ ಇದೇ ಬಗೆಯ ಕಿಣ್ವವಿದೆ. ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಇದರ ಬಗ್ಗೆ ದಶಕಗಳಿಂದ ಸಂಶೋಧನೆ ನಡೆದಿದೆ. ಕೊಳಕುಮಂಡಲ ಕಚ್ಚಿದರೆ ಈ ಕಿಣ್ವ ಸ್ನಾಯುಗಳನ್ನು ಹಾಳುಮಾಡುತ್ತದೆ. ವಿಷದ ಇತರ ಅಂಶಗಳೂ ಸೇರಿ ರಕ್ತ ಹೆಪ್ಪುಗಟ್ಟದಂತಾಗಿ, ಮೂತ್ರಪಿಂಡ ಕೆಡುತ್ತದೆ. ಕಟ್ಟುಹಾವಿನ ವಿಷ ನರಗಳ ತುದಿಯನ್ನು ಹಾಳುಮಾಡುತ್ತದೆ. ಹೆಚ್ಚಾಗಿ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ನಂತರ ಉಸಿರಾಟವೇ ನಿಲ್ಲಬಹುದು.

ಕಿಣ್ವ ಕೆಲಸ ಮಾಡಿ ಮುಗಿದುಹೋಗುವ ವಸ್ತುವಲ್ಲ. ಒಂದನ್ನು ಕತ್ತರಿಸಿ ಮತ್ತೊಂದಕ್ಕೆ ಹೋಗುತ್ತದೆ. ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದುಹಾಕಬಲ್ಲದೇ ಹೊರತು, ಆಗಲೇ ಹಾಳಾದ ನರವನ್ನು ಸರಿಪಡಿಸಲಾರದು. ಹೊತ್ತು ಕಳೆದಷ್ಟೂ ನಷ್ಟ ಹೆಚ್ಚು.

ದುಆ ಮತ್ತು ಚಿಕಿತ್ಸೆ

ವಿಷಜಂತು ಕಚ್ಚಿದವನ ಮೇಲೆ ಸಹಾಬಿಯೊಬ್ಬರು ಸೂರಃ ಫಾತಿಹಾ ಓದಿದ್ದನ್ನು ಪ್ರವಾದಿ(ಸ)ರು ಒಪ್ಪಿದ್ದರು. ಚಿಕಿತ್ಸೆ ಪಡೆಯಬೇಕೆಂದು ಆಜ್ಞಾಪಿಸಿದವರೂ ಅವರೇ. ಫಾತಿಹಾವನ್ನು 108 ಆ್ಯಂಬುಲೆನ್ಸ್‌ನಲ್ಲಿ ಕುಳಿತೂ ಓದಬಹುದು. ಅದಕ್ಕಾಗಿ ರೋಗಿಯನ್ನು ಬೇರೆಡೆ ಕರೆದೊಯ್ದು ಹೊತ್ತು ಕಳೆಯುವುದು ತವಕ್ಕುಲ್ ಅಲ್ಲ.

ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ, ಚಾಮರಾಜನಗರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ಅಲ್ಲಿಗೆ ತಲುಪುವವರೆಗೆ:

• ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸಬೇಡಿ. ರೋಗಿಯನ್ನು ನಡೆಸಬೇಡಿ, ಧೈರ್ಯ ಹೇಳಿ.
• ಬಳೆ, ಉಂಗುರ, ಕಾಲ್ಗೆಜ್ಜೆ, ಚಪ್ಪಲಿ ತೆಗೆಯಿರಿ. ಊತ ಬಂದರೆ ಅವು ಬಿಗಿಯುತ್ತವೆ.
• ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ರಕ್ತ ಹೀರುವುದು ಬೇಡ.
• ಹಾವನ್ನು ಹಿಡಿಯಲು ಹೋಗಬೇಡಿ. ಕಚ್ಚಿದ ಸಮಯವನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಿ.

ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಸುನ್ನತ್ತಿನ ಎಚ್ಚರ

ಮಲಗುವ ಮುನ್ನ ಹಾಸಿಗೆ ಕೊಡವಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ರಾತ್ರಿ ಮನೆಯೊಳಗೆ ನುಗ್ಗಿ, ನೆಲದಲ್ಲಿ ಮಲಗಿದವರನ್ನು ಕಚ್ಚುವ ಕಟ್ಟುಹಾವಿನ ವಿಷಯದಲ್ಲಿ ಇದು ಜೀವ ಉಳಿಸುವ ಅಭ್ಯಾಸ. ಆದಷ್ಟು ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ. ಫಜ್ರ್, ಇಶಾ ನಮಾಝ್‌ಗೆ ಹೋಗುವಾಗ ಟಾರ್ಚ್ ಇರಲಿ. ಸೌದೆ ರಾಶಿ ಮನೆಗೆ ತಾಗಿರದಿರಲಿ. ಅಂಗಳದಲ್ಲಿ ಕಾಳು, ಅನ್ನ ಚೆಲ್ಲಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಶುಚಿತ್ವ ಈಮಾನಿನ ಭಾಗ. ಇಲ್ಲಿ ಅದು ಮಕ್ಕಳ ಪ್ರಾಣರಕ್ಷಣೆಯೂ ಹೌದು.