ಚಾಪ್ ಯಾವುದು, ಮಿನ್ಸ್ ಯಾವುದು?

ಇಂಗ್ಲಿಷ್ ರೆಸಿಪಿ ನೋಡಿ ಅಡುಗೆ ಮಾಡುವಾಗ 'ಚಾಪ್', 'ಮಿನ್ಸ್' ಪದಗಳು ನಿಮ್ಮನ್ನೂ ಗೊಂದಲಕ್ಕೆ ಕೆಡವಿವೆಯೇ? ನಾನಂತೂ ಈ ಗೊಂದಲದಲ್ಲಿ ಒಬ್ಬ ಒಳ್ಳೆಯ ಗೆಳತಿಯ ಮನಸ್ಸನ್ನೇ ನೋಯಿಸಿಬಿಟ್ಟೆ.

ನನ್ನ ತವರು ಹುಮನಾಬಾದ್, ಗಂಡನ ಮನೆ ಬಸವಕಲ್ಯಾಣ. ನಮ್ಮದು ಅಪ್ಪಟ ಸಸ್ಯಾಹಾರಿ ಮನೆ. ತವರಿನ ಓಣಿಯ ಕ್ರೈಸ್ತ ಗೆಳತಿ ಒಂದು ಕ್ರಿಸ್‌ಮಸ್‌ಗೆ ಡಬ್ಬಿ ತುಂಬಾ 'ಮಿನ್ಸ್ ಪೈ' ಮಾಡಿ, ಬಸ್ಸು ಹತ್ತಿ ಬಂದು ಕೊಟ್ಟುಹೋದಳು. ಮಿನ್ಸ್ ಅಂದ್ರೆ ಖೀಮಾ ಅಂತ ಎಲ್ಲೋ ಓದಿದ್ದೆ. ಅತ್ತೆಯವರಿಗೆ ಗೊತ್ತಾದರೆ ಗತಿ ಏನು ಅಂತ ಹೆದರಿ, ಮುಚ್ಚಳವನ್ನೂ ತೆಗೆಯದೆ ಡಬ್ಬಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ.

ಮುಂದೆ ತವರಿಗೆ ಹೋದಾಗ 'ಹೆಂಗಿತ್ತು?' ಅಂತ ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. 'ಅದ್ರಾಗ ಮಾಂಸ ಎಲ್ಲಿ ಅದ? ಒಣದ್ರಾಕ್ಷಿ, ಸೇಬು, ಕಿತ್ತಳೆ ಸಿಪ್ಪಿ. ನಿಮ್ಮ ಮನಿಗಂತ ತತ್ತಿನೂ ಹಾಕಿದ್ದಿಲ್ಲ' ಅಂದಳು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಮೇಲೆ ಡಿಕ್ಷನರಿ ಹಿಡಿದು ಕೂತೆ. ವಿಷಯ ಸರಳ. ಚಾಪ್ ಅಂದ್ರೆ ಹೆಚ್ಚುವುದು, ಮಿನ್ಸ್ ಅಂದ್ರೆ ಕೊಚ್ಚುವುದು. ಪಲ್ಯಕ್ಕೆ ಈರುಳ್ಳಿ ಹೆಚ್ಚಿದರೆ ಹೋಳು ಕಣ್ಣಿಗೆ ಕಾಣುತ್ತದೆ, ಅದು ಚಾಪ್. ಬೆಳ್ಳುಳ್ಳಿಯನ್ನು ಸಾಸಿವೆ ಕಾಳಿನಷ್ಟು ಸಣ್ಣಗೆ ಕೊಚ್ಚಿದರೆ ಮಿನ್ಸ್. ಮಿಕ್ಸಿಯಲ್ಲಿ ನುಣ್ಣಗೆ ಅರೆದರೆ ಅದು ಪೇಸ್ಟ್. ಮಿನ್ಸ್‌ನ ಮೂಲ 'ಸಣ್ಣದು' ಎಂಬ ಲ್ಯಾಟಿನ್ ಪದ. ಗಡಿಯಾರದ 'ಮಿನಿಟ್' ಕೂಡ ಅದೇ ಬಳ್ಳಿಯದು!

ಈ ವ್ಯತ್ಯಾಸ ಒಲೆಯ ಮೇಲೂ ಗೊತ್ತಾಗುತ್ತದೆ. ಹೆಚ್ಚಿ ಎಂದಲ್ಲಿ ಕೊಚ್ಚಿ ಹಾಕಿದರೆ ಬೇಗ ಸೀದುಹೋಗುತ್ತದೆ. ಕೊಚ್ಚಿ ಎಂದಲ್ಲಿ ದಪ್ಪ ಹೋಳು ಹಾಕಿದರೆ ಹಸಿ ಉಳಿಯುತ್ತದೆ.

ಇನ್ನು ಎಚ್ಚರದ ಮಾತು. ಈ ಪದಗಳು ಕೆಲಸ ಹೇಳುವಾಗ ಚಿಂತೆಯಿಲ್ಲ. ಆದರೆ ಸಾಮಗ್ರಿ ಪಟ್ಟಿಯಲ್ಲಿ ಬರೀ 'ಮಿನ್ಸ್' ಎಂದಿದ್ದರೆ ಸಾಮಾನ್ಯವಾಗಿ ಖೀಮಾ. ಮೆನುವಿನಲ್ಲಿ 'ಮಟನ್ ಚಾಪ್' ಎಂದರೆ ಎಲುಬಿನ ಸಮೇತ ಕತ್ತರಿಸಿದ ಮಾಂಸದ ತುಂಡು. ಕೋಲ್ಕತ್ತಾದ 'ಆಲೂ ಚಾಪ್' ಮಾತ್ರ ನಮ್ಮ ಬೋಂಡಾದ ಬಳಗದ್ದು, ಆಲೂಗಡ್ಡೆಯದು.

ಪೈ ಒಳಗಿನ ಹೂರಣಕ್ಕೆ 'ಮಿನ್ಸ್‌ಮೀಟ್' ಎನ್ನುತ್ತಾರೆ. ಹಿಂದೆ ಇಂಗ್ಲೆಂಡಿನಲ್ಲಿ ಇದಕ್ಕೆ ಹಣ್ಣು, ಮಸಾಲೆಯ ಜೊತೆ ಮಾಂಸವನ್ನೂ ಹಾಕುತ್ತಿದ್ದರು. ಬರುಬರುತ್ತಾ ಮಾಂಸ ಹೋಯಿತು, ಹೆಸರು ಉಳಿಯಿತು. ಆದರೂ ಹಳೆಯ ಪದ್ಧತಿಯಲ್ಲಿ 'ಸ್ಯೂಯೆಟ್' ಎಂಬ ಪ್ರಾಣಿಕೊಬ್ಬು ಇರುತ್ತದೆ. ಸಸ್ಯಾಹಾರಿಗಳು ಪ್ಯಾಕೆಟ್ ಕೊಳ್ಳುವಾಗ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ನೋಡಿಯೇ ಕೊಳ್ಳಿ.

ಮನೆಯಲ್ಲಿ ಮಾಡಿದ್ದಕ್ಕೆ ಚುಕ್ಕೆ ಎಲ್ಲಿಂದ ಬರಬೇಕು? ಅಲ್ಲಿ ಒಂದೇ ದಾರಿ, ಸಂಕೋಚ ಬಿಟ್ಟು ಕೇಳಿಬಿಡಿ. ಕೊಡುವವರು ಪ್ರೀತಿಯಿಂದಲೇ ಹೇಳುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಗೆಳತಿ ಮತ್ತೆ ಡಬ್ಬಿ ತಂದಳು. ಈ ಸಲ ಕೇಳಿದವರು ನಮ್ಮ ಅತ್ತೆ, ಮೊದಲು ಕೈ ಹಾಕಿದವರೂ ಅವರೇ!